ಪದಚರ್ಚೆ: ಡ್ವಾರ್ಫ್ ಫೋರ್ಟ್ರೆಸ್ ಆಟದ ಅಗೆತಕ್ಕೆ ಒಂದೇ ಕ್ರಿಯಾಪದ ಸಾಕೇ?

ಗೆಳೆಯರೆ,

ಡ್ವಾರ್ಫ್ ಫೋರ್ಟ್ರೆಸ್ ಎಂಬ ಕಂಪ್ಯೂಟರ್ ಆಟಕ್ಕೆ ನಾವು ನಾಲ್ಕಾರು ಮಂದಿ ಸೇರಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇವೆ. ಟಾರ್ನ್ ಆಡಮ್ಸ್, ಜ್ಯಾಕ್ ಆಡಮ್ಸ್ ಎಂಬ ಅಣ್ಣತಮ್ಮಂದಿರು ಮಾಡಿದ ಆಟವಿದು. 2006ರಿಂದ ಪುಕ್ಕಟೆ ಸಿಗುತ್ತಿತ್ತು, ಪರದೆಯ ತುಂಬ ಬರೀ ಅಕ್ಷರ ಮತ್ತು ಚಿಹ್ನೆ. 2022ರ ಡಿಸೆಂಬರಿನಲ್ಲಿ ಚಿತ್ರಗಳ ಸಮೇತ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಗೆ ಬಂತು. ಏಳು ಕುಳ್ಳರು ಬಂಡಿಯ ಜೊತೆ ಯಾವುದೋ ಬೆಟ್ಟದ ಬುಡಕ್ಕೆ ಬಂದು ಇಳಿಯುತ್ತಾರೆ, ಅಲ್ಲಿಂದ ನೆಲದೊಳಗೆ ಕೋಟೆ ಮಾಡಿಕೊಳ್ಳಬೇಕು. ಹಾಗಾಗಿ ಆಟದ ದೊಡ್ಡ ಪಾಲು ಅಗೆತವೇ. ನಮ್ಮ ಕೈಪಿಡಿ ನಿಂತಿರುವುದೂ ಅಲ್ಲೇ.

ಮೊದಲು ಹತ್ಯಾರದ ವಿಷಯ. ಆಟದಲ್ಲಿ ಅಗೆಯಲು ಇರುವುದು ಒಂದೇ ಸಲಕರಣೆ, ಇಂಗ್ಲಿಷಿನಲ್ಲಿ ‘ಪಿಕ್’. ಮಣ್ಣಿಗೂ ಅದೇ, ಕಗ್ಗಲ್ಲಿಗೂ ಅದೇ, ಶತ್ರು ಮೈಮೇಲೆ ಬಿದ್ದರೆ ಹೊಡೆಯಲಿಕ್ಕೂ ಅದೇ. ಅದನ್ನು ತಾಮ್ರದಲ್ಲಿ ಮಾಡಿದರೂ ಉಕ್ಕಿನಲ್ಲಿ ಮಾಡಿದರೂ ಅಗೆತದ ವೇಗ ಬದಲಾಗದು. ವೇಗ ಬರುವುದು ಹಿಡಿದವನ ಕೈಪಳಗಿನಿಂದ. ಆ ಸಲಕರಣೆಯೇ ಇಲ್ಲದೆ ಹೊರಟುಬಂದರೆ ಶರತ್ಕಾಲದಲ್ಲಿ ತವರಿನ ವರ್ತಕರು ಬರುವವರೆಗೆ ಬಯಲಲ್ಲಿ ಬಿದ್ದಿರಬೇಕಾದೀತು. ನಮ್ಮಲ್ಲಿ ಒಬ್ಬರು ಇದನ್ನು ಗುದ್ದಲಿ ಎಂದು ಬರೆದಿದ್ದಾರೆ. ಪಿಕಾಸಿ ಇಂಗ್ಲಿಷಿನ ಕಡೆಯಿಂದ ಬಂದದ್ದು, ಗುದ್ದಲಿ ಅಚ್ಚಗನ್ನಡ ಎಂಬುದು ಅವರ ವಾದ. ಇರಬಹುದು, ಆದರೆ ಗುದ್ದಲಿ ಹಿಡಿದು ಬಂಡೆಗೆ ಹೋದವನನ್ನು ನಾನಂತೂ ಕಂಡಿಲ್ಲ. ಅಗಲ ಬಾಯಿಯ ಗುದ್ದಲಿ ಮಣ್ಣು ಎಳೆಯುವುದಕ್ಕೆ. ಹಾರೆ (ಕೆಲವು ಕಡೆ ಗಡಾರಿ) ಮೀಟುವುದಕ್ಕೆ. ಚೂಪು ಮೂತಿಯಿಂದ ಗಟ್ಟಿ ನೆಲ ಒಡೆಯುವುದು ಪಿಕಾಸಿ. ಕರಾವಳಿಯವರ ಪಿಕ್ಕಾಸೂ ಅದೇ. ಕೂಲಿಯವರ ಬಾಯಲ್ಲಿ ಇಷ್ಟು ಕಾಲ ಪಳಗಿದ ಮೇಲೆ ಅದರ ಊರು ಕೇಳುವುದೇಕೆ? ನನ್ನ ಓಟು ಪಿಕಾಸಿಗೆ.

ಗುದ್ದಲಿಯನ್ನು ಪೂರ್ತಿ ಬಿಡುವ ಮನಸ್ಸೂ ಇಲ್ಲ. ಆಟ ಶುರುವಾಗುವಾಗ ನೆಲಕ್ಕೆ ಮೊದಲ ಏಟು ಹಾಕಿ ಎಂಬ ಅರ್ಥದ ಒಂದು ಘೋಷಣೆ ಬರುತ್ತದೆ. ‘ಗುದ್ದಲಿ ಪೂಜೆ ಆಗಲಿ!’ ಎಂದರೆ ಹೇಗೆ? ಶಾಸಕರು, ಶಾಮಿಯಾನ, ಹಾರ ಎಲ್ಲ ಕಣ್ಣಮುಂದೆ ಬಂದುಬಿಡುತ್ತದೆ ಎಂದು ಒಬ್ಬರು ನಕ್ಕರು. ಬರಲಿ ಬಿಡಿ.

ನಿಜವಾದ ತೊಡಕು ಕ್ರಿಯಾಪದದ್ದು. ಇಂಗ್ಲಿಷಿನ ‘ಡಿಗ್’ ಎಂಬ ಒಂದು ಮಾತಿಗೆ ನಮ್ಮಲ್ಲಿ ಅಗೆ, ತೋಡು, ಕೊರೆ, ಕಡಿ, ಬಗೆ, ಗೋರು ಎಂದು ಸಾಲು ನಿಂತಿದೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಬಾವಿ ತೋಡುತ್ತೇವೆ, ಬೋರ್‌ವೆಲ್ ಕೊರೆಸುತ್ತೇವೆ, ಗೆಣಸು ಅಗೆಯುತ್ತೇವೆ. ಯಾವ ಪದ ಎಂಬುದನ್ನು ನೆಲದ ಗುಣ ನೋಡಿ ಆರಿಸೋಣ, ಮಣ್ಣಾದರೆ ಅಗೆ, ಕಲ್ಲಾದರೆ ಕಡಿ ಎಂದು ಮೊದಲು ಯೋಚಿಸಿದೆವು. ಅದು ಆಗುವ ಮಾತಲ್ಲ. ಎಲ್ಲಿ ಅಗೆಯಬೇಕೆಂದು ಆಟಗಾರ ಗುರುತು ಹಾಕುವಾಗ ಒಳಗೇನಿದೆ ಎಂದು ಅವನಿಗೇ ಗೊತ್ತಿರುವುದಿಲ್ಲ. ಬೆಟ್ಟದ ಒಳಗೆಲ್ಲ ಪರದೆ ಕಪ್ಪು. ಕುಳ್ಳ ಹೋಗಿ ಪಿಕಾಸಿ ಹಾಕಿದ ಮೇಲಷ್ಟೇ ಅದು ಜೇಡಿಯೋ ಸುಣ್ಣಕಲ್ಲೋ ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ಎಳೆಯೋ ತಿಳಿಯುವುದು. ಮಣ್ಣಾದರೆ ಬೇಗ ಮುಗಿದು ಏನೂ ಉಳಿಯದು, ಕಲ್ಲಾದರೆ ನಿಧಾನ, ಕೆಲವೊಮ್ಮೆ ಒಂದು ಗುಂಡುಕಲ್ಲು ಉಳಿಯುತ್ತದೆ.

ಗೊತ್ತಿರುವುದು ದಿಕ್ಕು ಮಾತ್ರ. ನಮ್ಮ ಕ್ರಿಯಾಪದಗಳು ದಿಕ್ಕನ್ನೂ ಹೇಳುತ್ತವಲ್ಲ, ಆದ್ದರಿಂದ ಅದನ್ನೇ ಹಿಡಿಯೋಣ ಎಂಬುದು ನನ್ನ ಸೂಚನೆ. ಗೋಡೆಗೆ ಅಡ್ಡಲಾಗಿ ನುಗ್ಗುವುದು ಕೊರೆ. ದಕ್ಷಿಣ ಕನ್ನಡ, ಕಾಸರಗೋಡಿನ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಕ್ಕೆ ಹೋಗುವ ಸುರಂಗಗಳನ್ನು ಕೊರೆಯುವುದೆಂದೇ ಹೇಳುತ್ತಾರೆ. ಹೀಗೆ ಸುರಂಗ ಕೊರೆದು ನೀರು ತಂದು 2022ರಲ್ಲಿ ಪದ್ಮಶ್ರೀ ಪಡೆದ ಕೃಷಿಕ ಅಮೈ ಮಹಾಲಿಂಗ ನಾಯ್ಕರ ಸುದ್ದಿ ಓದಿದವರಿಗೆ ನೆನಪಿರಬಹುದು. ಮೆಟ್ಟಿಲಿಗೆ ಕಡಿ; ಚಿತ್ರದುರ್ಗದ ಬಂಡೆಗಳನ್ನು ಹತ್ತಿದವರು ಬೇರೆ ಪದ ಕೇಳಲಾರರು. ಅಗೆತವೆಂಬ ನಾಮಪದ ಇಡೀ ಕೆಲಸಕ್ಕೆ ಇರಲಿ.

ಉಳಿದದ್ದು ಮೇಲಿನಿಂದ ನೆಲವನ್ನೇ ತೆಗೆಯುವ ಆಜ್ಞೆ. ಕುಳ್ಳ ಪಕ್ಕದಲ್ಲಿ ನಿಂತು ಒಂದು ಚೌಕದ ನೆಲ ಕಿತ್ತರೆ ಕೆಳಗಿನ ಅಂತಸ್ತಿನಲ್ಲಿ ಇಳಿಜಾರು ಆಗುತ್ತದೆ. ‘ಚಾನೆಲ್’ ಎಂಬ ಇಂಗ್ಲಿಷ್ ಹೆಸರನ್ನು ನೋಡಿ ಕಾಲುವೆ ಎಂದಿದ್ದೆವು, ಓದಿದವರೆಲ್ಲ ನೀರು ಎಲ್ಲಿ ಎಂದು ಕೇಳಿದರು. ತೋಡು ಎನ್ನೋಣವೆಂದರೆ ಕರಾವಳಿಯವರಿಗೆ ತೋಡು ಎಂದರೆ ಹರಿಯುವ ಹಳ್ಳ, ಮತ್ತೆ ನೀರು! ಅಗಳು ಹೇಗೆ? ಕೋಟೆ ಸುತ್ತಿನ ಕಂದಕಕ್ಕೆ ಹಳೆಯ ಹೆಸರು, ಮಲೆನಾಡಿನಲ್ಲಿ ತೋಟದ ಅಂಚಿಗೆ ಇವತ್ತೂ ಅಗಳು ತೆಗೆಸುತ್ತಾರೆ. ಆಟಗಾರರೂ ಕೋಟೆ ಬಾಗಿಲಿನ ಮುಂದೆ ಕಂದಕ ಮಾಡಲಿಕ್ಕೆ ಈ ಆಜ್ಞೆಯನ್ನು ಬಳಸುತ್ತಾರೆ. ಬಯಲುಸೀಮೆಯವರಿಗೆ ಪದ ತಿಳಿದೀತೇ ಎಂಬುದೊಂದೇ ಅನುಮಾನ.

ನೀರಿನ ಮಾತು ಬಂತು. ಹಸಿ ಕಲ್ಲು ಸಿಕ್ಕಿದೊಡನೆ ಆಟ ಕೆಲಸ ನಿಲ್ಲಿಸಿ ಎಚ್ಚರಿಸುತ್ತದೆ: ಪಕ್ಕದಲ್ಲೋ ಮೇಲೋ ನೀರಿದೆ ಎಂದು. ನೀರು ತುಂಬಿದ ಪದರಗಳಲ್ಲಿ ಎರಡು ಬಗೆ. ಒಂದರಲ್ಲಿ ಗೋಡೆಯಿಂದ ಮೆಲ್ಲಗೆ ಜಿನುಗುತ್ತದೆ, ಇನ್ನೊಂದರಲ್ಲಿ ನೋಡುನೋಡುತ್ತಲೇ ಕೋಣೆ ತುಂಬುತ್ತದೆ. ಮೊದಲನೆಯದಕ್ಕೆ ಒಸರು, ಎರಡನೆಯದಕ್ಕೆ ಒರತೆ ಎಂದಿದ್ದೇನೆ. ಜಲಪದರ ಎಂಬ ಪಠ್ಯಪುಸ್ತಕದ ಪದಕ್ಕಿಂತ ಇವು ಕೈಗೆ ಒದ್ದೆ ತಾಗಿಸುತ್ತವೆ. ಲಾವಾ ಹತ್ತಿರವಿದ್ದಾಗ ಸಿಗುವುದು ಬಿಸಿಗಲ್ಲು, ಅದಕ್ಕೆ ಯಾರದೂ ತಕರಾರಿಲ್ಲ.

ಕುಸಿತಕ್ಕೆ ಮಾತ್ರ ಇನ್ನೂ ಪದ ಸಿಕ್ಕಿಲ್ಲ. ಇಲ್ಲಿ ಎಷ್ಟು ಅಗಲದ ಕೋಣೆ ಮಾಡಿದರೂ ಚಾವಣಿ ಬೀಳದು, ಒಂದು ಚೌಕ ಅಂಟಿಕೊಂಡಿದ್ದರೂ ಸಾಕು. ಸುತ್ತಲೂ ಬಿಡಿಸಿಬಿಟ್ಟರೆ ಇಡೀ ತುಂಡು ಒಮ್ಮೆಲೇ ಕೆಳಗೆ, ಎದ್ದ ಧೂಳಿಗೆ ಹತ್ತಿರದವರು ಮೂರ್ಛೆ. ಧರೆ ಜರಿಯಿತು ಅನ್ನುತ್ತೇವಲ್ಲ, ಅದು ಮಣ್ಣು ಸಡಿಲಾಗಿ ಜಾರುವುದು. ಇದು ಕಳಚಿ ಬೀಳುವುದು. ‘ಕಳಚು’ ಎಂದರೆ ಬಾಗಿಲು, ಬಳೆ ನೆನಪಾಗುತ್ತದೆ ಎನ್ನುತ್ತಾರೆ. ನಿಮ್ಮ ಕಡೆ ಕಲ್ಲುಕ್ವಾರಿಗಳಲ್ಲಿ ಇದಕ್ಕೆ ಏನೆನ್ನುತ್ತಾರೆ?

ಇನ್ನೊಂದು. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು, ಹಟ್ಟಿಯಲ್ಲಿ ಈಗಲೂ ಚಿನ್ನ ತೆಗೆಯುತ್ತಿದ್ದಾರೆ. ಲಿಂಗಸುಗೂರು, ಹಟ್ಟಿ ಕಡೆಯವರು ಈ ಬಳಗದಲ್ಲಿದ್ದರೆ ಹೇಳಿ: ನೇರ ಕೆಳಗಿಳಿಯುವ ಬಾವಿಗೆ ಮತ್ತು ಅದರಿಂದ ಒಂದೊಂದು ಆಳದಲ್ಲಿ ಅಡ್ಡ ಹೊರಡುವ ದಾರಿಗೆ ಕಾರ್ಮಿಕರು ಶಾಫ್ಟ್, ಲೆವೆಲ್ ಎಂದೇ ಅನ್ನುತ್ತಾರೋ, ತಮ್ಮದೇ ಮಾತು ಏನಾದರೂ ಇದೆಯೋ?