ಬಚ್ಚಲಿನ ಗೋಡೆಯ ದೊಡ್ಡ ಜೇಡ: ಹೊಡೆಯುವುದಾ, ಬಿಡುವುದಾ?

ಪ್ರಶ್ನೆ (ಪೆರ್ಲದಿಂದ ಒಬ್ಬರು): ಮಾಸ್ಟ್ರೇ, ನಮ್ಮದು ಹಂಚಿನ ಹಳೇ ಮನೆ. ಬಚ್ಚಲಿನ ಗೋಡೆಯಲ್ಲಿ ನಾಲ್ಕು ದಿನದಿಂದ ಅಂಗೈ ಅಗಲದ ಜೇಡ ಕೂತಿದೆ. ಬಲೆ ಗಿಲೆ ಏನೂ ಇಲ್ಲ. ನಿನ್ನೆ ನೋಡಿದರೆ ಎದೆಯಡಿ ಬಿಳಿ ಬಿಲ್ಲೆಯಂಥದ್ದು ಹಿಡಿದುಕೊಂಡಿದೆ. ಮಗಳಿಗೆ ಒಂಬತ್ತು ವರ್ಷ, ಬಚ್ಚಲಿಗೆ ಹೋಗುವುದೇ ಇಲ್ಲ ಅಂತ ಹಠ. ನಮ್ಮವರು ಹಿಡಿಸೂಡಿ ಹಿಡಿದು ನಿಂತಿದ್ದಾರೆ. ಜೇಡ ಕೊಲ್ಲಬಾರದು, ಶ್ರೀಕಾಳಹಸ್ತಿಯಲ್ಲಿ ಶಿವನ ಪೂಜೆ ಮಾಡಿದ ಜಾತಿ ಅದು ಅನ್ನುತ್ತಾರೆ ಅತ್ತೆ. ನಾನು ಯಾರ ಮಾತು ಕೇಳಲಿ?

ಉತ್ತರ: ಅಕ್ಕಾ, ಸದ್ಯಕ್ಕೆ ಅತ್ತೆಯ ಮಾತು ಕೇಳಿ. ಕಾರಣ ಮಾತ್ರ ನಾನು ಬೇರೆ ಕೊಡುತ್ತೇನೆ.

ಅದು ತಾಯಿ ಜೇಡ. ಬಿಳಿ ಬಿಲ್ಲೆ ಮೊಟ್ಟೆಯ ಚೀಲ. ಒಳಗೆ ನೂರಕ್ಕೂ ಜಾಸ್ತಿ ಮೊಟ್ಟೆ ಇರಬಹುದು. ಮರಿ ಆಗುವ ತನಕ, ವಾರಗಟ್ಟಲೆ, ಅದನ್ನು ಹೊತ್ತುಕೊಂಡೇ ಇರುತ್ತದೆ. ಆ ಹೊತ್ತಿನಲ್ಲಿ ಬೇಟೆಯೂ ಕಡಿಮೆ, ಓಡಾಟವೂ ಕಡಿಮೆ. ಅದಕ್ಕೇ ನಾಲ್ಕು ದಿನ ಒಂದೇ ಕಡೆ ಕಂಡದ್ದು. ನಾನು ಕಾಲೇಜಿಗೆ ಹೋಗುವಾಗ ಇಂಥದ್ದೇ ಒಂದಕ್ಕೆ ಚಪ್ಪಲಿಯಲ್ಲಿ ಹೊಡೆದಿದ್ದೆ. ಚೀಲ ಒಡೆದು ಸಾಸಿವೆ ಚೆಲ್ಲಿದ ಹಾಗೆ ಮರಿಗಳು ಗೋಡೆ ತುಂಬ ಹರಡಿದವು. ಅಮ್ಮ ಆ ದಿನ ನನಗೆ ಬೈದದ್ದನ್ನು ಇಲ್ಲಿ ಬರೆಯುವುದು ಬೇಡ.

ಹೆಸರು ಹೆಟೆರೊಪೋಡಾ ವೆನಟೋರಿಯಾ. 1767ರಲ್ಲಿ ಲಿನಿಯಸ್ ಅನ್ನುವ ವಿಜ್ಞಾನಿ ವೆನಟೋರಿಯಾ ಅಂತ ಹೆಸರಿಟ್ಟದ್ದು ಇದು ಬೇಟೆಯದ್ದು ಅಂತಲೇ. ಬಲೆ ಹೆಣೆದು ಕಾಯುವ ಪೈಕಿ ಅಲ್ಲ, ರಾತ್ರಿ ಓಡಿ ಹಿಡಿಯುವುದು. ಮುಖ್ಯ ಊಟ ಜಿರಳೆ. ಮೈ ಚಪ್ಪಟೆ, ಹಾಗಾಗಿ ಹಂಚಿನ ಸಂದಿಯಲ್ಲಿ, ಪಕ್ಕಾಸಿನ ಬಿರುಕಿನಲ್ಲಿ ಹಗಲು ಕಳೆಯುತ್ತದೆ. ಟಾರ್ಚ್ ಹಿಡಿದು ದೂರದಿಂದ ಮುಖ ನೋಡಿ, ಕಣ್ಣಿನ ಕೆಳಗೆ ಬಿಳಿ ಮೀಸೆಯ ಹಾಗೆ ಒಂದು ಪಟ್ಟಿ ಕಾಣುತ್ತದೆ. ಕಚ್ಚುತ್ತದಾ ಅಂದರೆ, ಕೈಯಲ್ಲಿ ಹಿಡಿದು ಅಮುಕಿದರೆ ಕಚ್ಚೀತು. ಮೊಟ್ಟೆ ಇರುವಾಗ ಸಿಟ್ಟು ಸ್ವಲ್ಪ ಜಾಸ್ತಿ. ಕಚ್ಚಿದ ಜಾಗ ಉರಿಯುತ್ತದೆ, ಊದುತ್ತದೆ, ಅಷ್ಟೇ.

ಆದರೂ ಮಗಳು ಸ್ನಾನ ಮಾಡಬೇಕಲ್ವಾ. ಅಗಲ ಬಾಯಿಯ ಡಬ್ಬ ತಗೊಳ್ಳಿ. ಎದುರಿನಿಂದ ನಿಧಾನವಾಗಿ ಕವುಚಿ ಹಾಕಿ. ಕಾಲು ಅಂಚಿಗೆ ಸಿಗದ ಹಾಗೆ ನೋಡಿಕೊಳ್ಳಿ. ಗೋಡೆಗೂ ಡಬ್ಬಕ್ಕೂ ನಡುವೆ ಒಂದು ದಪ್ಪ ಮದುವೆ ಕಾಗದ ತೂರಿಸಿ. ನಮ್ಮ ಮನೆಗಳಲ್ಲಿ ಅದಕ್ಕೇನು ಬರವಿಲ್ಲ. ಹಾಗೇ ಎತ್ತಿ ಕಟ್ಟಿಗೆ ಕೊಟ್ಟಿಗೆಯಲ್ಲಿ ಬಿಡಿ. ನಡು ಅಂಗಳದಲ್ಲಿ ಬಿಡಬೇಡಿ, ಕೋಳಿ ತಿಂದೀತು.

ಪ್ರಶ್ನೆ (ಬದಿಯಡ್ಕದಿಂದ): ಸರ್, ನೀವು ಅಷ್ಟೇ ಅಂದಿರಿ. ನನ್ನ ತಮ್ಮನಿಗೆ ಕಳೆದ ವಾರ ಬೆಳಗ್ಗೆ ಏಳುವಾಗ ಕುತ್ತಿಗೆಯಲ್ಲಿ ಬರೆ ಎಳೆದ ಹಾಗೆ ಕೆಂಪು ಗೆರೆ, ಮೇಲೆ ಸಣ್ಣ ಸಣ್ಣ ಗುಳ್ಳೆ. ಪಕ್ಕದ ಮನೆಯವರು ಮಲಯಾಳದಲ್ಲಿ ಇದು ಚಿಲಂದಿ ವಿಷ, ಅಂದರೆ ಜೇಡದ ವಿಷ ಅಂದರು. ನಮ್ಮಲ್ಲೂ ಜೇಡ ಉಚ್ಚೆ ಹೊಯ್ದದ್ದು ಅನ್ನುತ್ತಾರೆ.

ಉತ್ತರ: ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ಜೇಡ ಮೈಮೇಲೆ ಉಚ್ಚೆ ಹೊಯ್ದು ಗುಳ್ಳೆ ಏಳುವುದಿಲ್ಲ ಮಾರಾಯ್ರೇ. ಪಾಪ, ಮಾಡದ ತಪ್ಪಿಗೆ ಎಷ್ಟು ಜೇಡ ಸತ್ತಿದೆಯೋ. ನೀವು ಹೇಳಿದ ಗೆರೆ ನೋಡಿದರೆ ಪೆಡೆರಸ್ ಅನ್ನುವ ಹುಳದ ಕೆಲಸ ಇರಬಹುದು. ದೊಡ್ಡ ಕಟ್ಟಿರುವೆಯಷ್ಟೇ ಉದ್ದ, ಮೈಯಲ್ಲಿ ಕಿತ್ತಳೆ ಮತ್ತು ಕಪ್ಪು ಪಟ್ಟೆ. ಮಳೆಗಾಲದಲ್ಲಿ ಲೈಟಿಗೆ ಬರುತ್ತದೆ. ಅದು ಕಚ್ಚುವುದೂ ಇಲ್ಲ. ಕುತ್ತಿಗೆಯಲ್ಲಿ ಹರಿದಾಡುವಾಗ ನಾವು ನಿದ್ದೆಗಣ್ಣಲ್ಲಿ ಉಜ್ಜಿ ಬಿಡುತ್ತೇವೆ. ಮೈಯೊಳಗಿನ ಪೆಡೆರಿನ್ ಅನ್ನುವ ವಿಷ ಉಜ್ಜಿದ ದಾರಿಯಲ್ಲೇ ಹರಡುತ್ತದೆ. ಉರಿ ಏಳುವುದು ಒಂದೆರಡು ದಿನ ಕಳೆದು. ಅಷ್ಟು ಹೊತ್ತಿಗೆ ಹುಳ ಎಲ್ಲಿದೆ? ಗೋಡೆಯ ಮೇಲೆ ಕಾಣುವುದು ಜೇಡ ಮಾತ್ರ. ಇನ್ನು ಮೇಲೆ ಅಂಥ ಹುಳ ಮೈಮೇಲೆ ಕಂಡರೆ ಉಜ್ಜದೆ ಊದಿ ಹಾರಿಸಿ, ಆ ಜಾಗವನ್ನು ಸಾಬೂನು ಹಾಕಿ ತೊಳೆಯಿರಿ.

ಇನ್ನೊಂದು ಮಾತು, ಇದು ತಮಾಷೆಯಲ್ಲ. ಮೈಯ ಒಂದೇ ಬದಿಯಲ್ಲಿ ಪಟ್ಟಿಯ ಹಾಗೆ ಗುಳ್ಳೆ ಎದ್ದು, ಗುಳ್ಳೆಗೆ ಮೊದಲೇ ನೋವು ಶುರುವಾಗಿದ್ದರೆ ಅದು ಸರ್ಪಸುತ್ತು ಇರಬಹುದು. ಅದು ವೈರಸ್ಸಿನದ್ದು. ಅದರ ಮಾತ್ರೆಯನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು. ಕೇರಳದ ಕೊಡುಮಣ್ಣಿನಲ್ಲಿ ಚಿಲಂದಿ ಅಂಬಲ ಅಂತಲೇ ಹೆಸರಾದ ದೇವಸ್ಥಾನ ಉಂಟು, ಜೇಡದ ವಿಷಕ್ಕೆ ಹರಕೆ ಹೇಳುತ್ತಾರೆ. ಹರಕೆ ಹೇಳಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಆ ಮೂರು ದಿನದೊಳಗೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ (ಮುಳ್ಳೇರಿಯದಿಂದ): ನಮ್ಮಲ್ಲಿ ದೊಡ್ಡದು ಇಲ್ಲ. ಮೂಲೆ ಮೂಲೆಗೆ ಕಡ್ಡಿ ಕಾಲಿನ ಸಣ್ಣ ಜೇಡಗಳು. ವಿಷುವಿಗೆ ಇಲ್ಲಣ ತೆಗೆದೆವು, ಹದಿನೈದು ದಿನದಲ್ಲಿ ಮತ್ತೆ ಬಲೆ. ಮದ್ದು ಹೊಡೆಸಲಾ?

ಉತ್ತರ: ಬಲೆಗೆ ಬೆರಳು ತಾಗಿಸಿದರೆ ಗಡಗಡ ನಡುಗುತ್ತದಲ್ಲಾ, ಅದೇ ತಾನೇ? ಕ್ರೋಸೊಪ್ರೈಜಾ ಲಯೋನಿ ಇರಬೇಕು. ಸೊಳ್ಳೆ ತಿನ್ನುತ್ತದೆ. ಥಾಯ್ಲೆಂಡ್‌ನಲ್ಲಿ ಡೆಂಗಿ ಸೊಳ್ಳೆಯ ಶತ್ರು ಅಂತ ಇದರ ಮೇಲೆ ಅಧ್ಯಯನವೇ ನಡೆದಿದೆ. ಹಾಗಂತ ಜೇಡವನ್ನು ನಂಬಿ ಕೂರಬೇಡಿ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ನೀರು ನಿಂತರೆ ಅಲ್ಲಿ ಹುಟ್ಟುವ ಸೊಳ್ಳೆಗೆ ಮನೆಯ ಜೇಡ ಯಾವ ಲೆಕ್ಕ?

ಮದ್ದು ದಂಡ. ಜೇಡ ಕಾಲಿನ ತುದಿಯಲ್ಲಿ ನಡೆಯುವುದು, ಗೋಡೆಗೆ ಹೊಡೆದು ಒಣಗಿದ ಮದ್ದು ಅದರ ಮೈಗೆ ಅಷ್ಟಾಗಿ ತಾಗುವುದಿಲ್ಲ. ಇವತ್ತು ಸತ್ತರೂ ಹುಳ ಇರುವಲ್ಲಿಗೆ ನಾಳೆ ಬೇರೆ ಬರುತ್ತದೆ. ಉದ್ದ ಕೋಲಿಗೆ ಹಿಡಿಸೂಡಿ ಕಟ್ಟಿ ತೆಗೆಯುತ್ತಾ ಇರಿ. ಜಗಲಿಯ ಬಿಳಿ ಲೈಟು ರಾತ್ರಿಯಿಡೀ ಉರಿಯುತ್ತಿದ್ದರೆ ಆರಿಸಿ, ಇಲ್ಲವೇ ಹಳದಿ ಬಲ್ಬ್ ಹಾಕಿ. ಹುಳ ಕಡಿಮೆಯಾದರೆ ಬಲೆಯೂ ಕಡಿಮೆ.

ಕೈ ಹಾಕಬಾರದ ಜಾಗ ಬೇರೆ ಉಂಟು, ಹಳೇ ಮರದ ಪೊಟರೆ. ಘಟ್ಟದ ಬದಿಯ ತೋಟಗಳಲ್ಲಿ ಪೊಯೆಸಿಲೊಥೀರಿಯಾ ಅನ್ನುವ ರೋಮದ ದೊಡ್ಡ ಜೇಡ ಅಂಥಲ್ಲಿ ಇರಬಹುದು. ಅದು ಕಚ್ಚಿದರೆ ಜೋರು ನೋವು, ಮೈಯೆಲ್ಲ ಸೆಳೆತ. ಆಸ್ಪತ್ರೆಗೆ ಹೋಗಲೇಬೇಕು.

ಮತ್ತೆ ಪೆರ್ಲದವರು: ಮಾಸ್ಟ್ರೇ, ಡಬ್ಬ ಹಾಕಿ ಸಾಗಿಸಿದೆವು. ನಮ್ಮವರ ಕೈ ನಡುಗಿದ್ದು ನೋಡಬೇಕಿತ್ತು! ಆದರೆ ಮಗಳ ಹೆದರಿಕೆ ಹೋಗಿಲ್ಲ. ಹಿಡಿದು ತೋರಿಸಿದರೆ ಸರಿಯಾದೀತಾ?

ಉತ್ತರ: ಬೇಡವೇ ಬೇಡ. ನಗುವುದೂ ಬೇಡ. ನನ್ನ ತಂಗಿಗೆ ನಲವತ್ತು ದಾಟಿದೆ, ಚಿಕ್ಕಂದಿನಲ್ಲಿ ನಾನು ಜೇಡ ಹಿಡಿದು ಅಟ್ಟಿಸಿದ್ದಕ್ಕೆ ಈಗಲೂ ನಮ್ಮ ಮನೆಯ ಅಟ್ಟ ಹತ್ತುವುದಿಲ್ಲ. ಕಿಟಕಿ ಸರಳಿನಲ್ಲಿ ಹಗಲು ಹಾರುವ ಸಣ್ಣ ಜೇಡ ಇರುತ್ತದಲ್ಲ, ಅಲ್ಲಿಂದ ಶುರು ಮಾಡಿ. ಮಗಳು ದೂರ ನಿಂತು ಬೆರಳು ಆ ಕಡೆ ಈ ಕಡೆ ಆಡಿಸಲಿ. ಅದು ಬೆರಳಿನ ಕಡೆ ತಿರುಗಿ ತಿರುಗಿ ನೋಡುತ್ತದೆ. ಎಂಟು ಕಣ್ಣು, ಅದರಲ್ಲಿ ಮುಂದಿನ ಎರಡು ದೊಡ್ಡದು. ಸಾಕು ಅಂದ ಕೂಡಲೇ ನಿಲ್ಲಿಸಿ.

ಪೆರ್ಲದವರು: ಆಯ್ತು. ಇನ್ನೊಂದು, ಬಚ್ಚಲಲ್ಲಿ ನಿನ್ನೆ ರಾತ್ರಿ ಮತ್ತೊಂದು ಬಂದಿದೆ. ಮೈ ಸಣ್ಣ, ಕಾಲು ಉದ್ದ.

ಉತ್ತರ: ಗಂಡಿರಬೇಕು. ಬಚ್ಚಲಿನ ನೀರು ಹೋಗುವ ತೂತಿಗೆ ಜಾಲರಿ ಹಾಕಿದ್ದೀರಾ? ಜಿರಳೆ ಬರುವುದು ಅಲ್ಲಿಂದ. ಮೊದಲು ಅದು ಹಾಕಿಸಿ.