ಹಂದಿಯ ‘ಹೀಟ್ ಸ್ಟ್ರೆಸ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರಿಗೆ ನಮಸ್ಕಾರ.

ಮದ್ದೂರು, ಮಳವಳ್ಳಿ ಕಡೆ ಹಂದಿ ಸಾಕುವವರಿಗೆ ಬೇಸಿಗೆಯಲ್ಲಿ ಏನು, ಯಾವಾಗ ತಿನ್ನಿಸಬೇಕು ಅಂತ ಒಂದು ಕರಪತ್ರ ಬರೆಯುತ್ತಿದ್ದೇನೆ. ವಿಷಯ ಕಷ್ಟವಿಲ್ಲ, ಪದಗಳೇ ಕೈ ಕೊಡುತ್ತಿವೆ.

ಮೊದಲಿಗೆ ‘ಹೀಟ್ ಸ್ಟ್ರೆಸ್’. ಹಾಗೇ ಬಿಟ್ಟರೆ ಆಗಲ್ವಾ ಅನ್ನಬಹುದು. ಆಗಲ್ಲ. ನಮ್ಮ ಕಡೆ ‘ಹೀಟಿಗೆ ಬಂದಿದೆ’ ಅಂದರೆ ಬೆದೆಗೆ ಬಂದಿದೆ ಅಂತಲೇ ಅರ್ಥ. ‘ಕಾವು’ ಅಂದರೆ ಕೋಳಿ ಮೊಟ್ಟೆ ಮೇಲೆ ಕೂತಿತು. ‘ಬಿಸಿಲ ಹೊಡೆತ’ ಅಂದರೆ ನೆರಳಲ್ಲಿರುವ ಹಂದಿಗೆ ಏನೂ ಆಗಲ್ಲ ಅಂದುಕೊಳ್ಳುತ್ತಾರೆ. ಆದರೆ ತಗಡಿನ ಶೆಡ್ಡಿನೊಳಗೆ ಬಿಸಿಲು ಬೀಳದಿದ್ದರೂ ಹಂದಿ ಬಳಲುತ್ತದೆ. ಮೈ ತಂಪಾಗುವಷ್ಟು ಬೆವರುವುದು ಅದಕ್ಕೆ ಆಗದು. ಏಪ್ರಿಲ್ ಮಧ್ಯಾಹ್ನ, 35 ಡಿಗ್ರಿ ದಾಟಿದಾಗ ಹೋಗಿ ನೋಡಿ. ನಲ್ಲಿ ಸೋರುವ ಮೂಲೆಯಲ್ಲಿ ತನ್ನದೇ ಗಲೀಜಿನ ರಾಡಿಯೊಳಗೆ ಮಗ್ಗುಲಾಗಿ ಬಿದ್ದು, ಪಕ್ಕೆ ಎಗರಿಸುತ್ತಾ ಏದುಸಿರು ಬಿಡುತ್ತಿರುತ್ತದೆ. ಬೆಳಗ್ಗೆ ಹಾಕಿದ ಫೀಡು ತೊಟ್ಟಿಯಲ್ಲಿ ಹಾಗೇ ಇರುತ್ತದೆ. ಸಾಕುವವರು ‘ಧಗೆಗೆ ಬಿದ್ಕಂಡದೆ ಕಣಣ್ಣ’ ಅನ್ನುತ್ತಾರೆ. ನನ್ನ ಓಟು ‘ಧಗೆ’ಗೇ. ‘ಉಷ್ಣ ಒತ್ತಡ’ ಕಚೇರಿ ಕಡತಕ್ಕಿರಲಿ.

ಎರಡನೆಯದು ‘ಹೀಟ್ ಇನ್‌ಕ್ರಿಮೆಂಟ್’, ಇನ್ನೂ ಪೇಚಿನದು. ತಿಂದದ್ದು ಅರಗುವಾಗ ಮೈಯೊಳಗೇ ಬಿಸಿ ಹುಟ್ಟುತ್ತದೆ. ನಾರು, ಪ್ರೋಟೀನ್ ಜಾಸ್ತಿಯಾದರೆ ಈ ಬಿಸಿಯೂ ಜಾಸ್ತಿ. ಎಣ್ಣೆ, ಕೊಬ್ಬಿನಿಂದ ಕಡಿಮೆ. ಅದಕ್ಕೇ ಬೇಸಿಗೆಯಲ್ಲಿ ಬೂಸಾ ತಗ್ಗಿಸಿ ಸ್ವಲ್ಪ ಎಣ್ಣೆ ಸೇರಿಸುವುದು. ಪ್ರೋಟೀನ್ ಜಾಸ್ತಿ ಇರುವ ಹಿಂಡಿಯನ್ನೂ ಕಡಿಮೆ ಮಾಡಿ, ಆ ಕೊರತೆಗೆ ಲೈಸೀನ್ (ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳಲ್ಲಿ ಒಂದು) ಕೊಡುವುದು. ಹಾಕುವುದು ಬೆಳಗಿನ ಜಾವ, ಇಲ್ಲವೇ ಹೊತ್ತು ಮುಳುಗಿದ ಮೇಲೆ. ಇದನ್ನೆಲ್ಲ ‘ಬೂಸಾ ಉಷ್ಣ’ ಅಂತ ಬರೆದರೆ ಕೆಟ್ಟಿತು. ನಮ್ಮ ಉಷ್ಣ-ತಂಪಿನ ಲೆಕ್ಕವೇ ಬೇರೆ, ಅದರಲ್ಲಿ ಎಳ್ಳು ಉಷ್ಣ, ರಾಗಿ ಅಂಬಲಿ ತಂಪು. ಎಣ್ಣೆ ಹಾಕಿದರೆ ಬಿಸಿ ಕಡಿಮೆಯಾಗುತ್ತದೆ ಅಂದರೆ ಯಾರು ನಂಬುತ್ತಾರೆ? ಸದ್ಯಕ್ಕೆ ‘ಅರಗುವ ಬಿಸಿ’ ಅಂತ ಹಾಕಿದ್ದೇನೆ. ಕಿವಿಗೆ ಹೇಗಿದೆ? ಇದಕ್ಕಿಂತ ನಯವಾದದ್ದು ಇದ್ದರೆ ಕೊಡಿ.

‘ವಿಟಮಿನ್ ಸಪ್ಲಿಮೆಂಟ್’ ಅಷ್ಟು ಕಾಡಲಿಲ್ಲ. ‘ಪೂರಕ ಆಹಾರ’ ಅಂದರೆ ಅಂಗನವಾಡಿ ನೆನಪಾಗುತ್ತದೆ, ‘ಟಾನಿಕ್’ ಅಂದರೆ ಬಾಟಲಿ. ‘ವಿಟಮಿನ್ ಪುಡಿ’ ಸಾಕು. ಧಗೆಯಲ್ಲಿ ಹಂದಿ ತಿನ್ನುವುದೇ ಕಡಿಮೆ, ಹಾಗಾಗಿ ವಿಟಮಿನ್ನೂ ಕಡಿಮೆ ಸೇರುತ್ತದೆ, ಅದನ್ನು ತುಂಬಿಕೊಡಲು ಈ ಪುಡಿ.

ಆದರೆ ಇಲ್ಲೊಂದು ಕ್ರಿಯಾಪದ ಬೇಕಾಗಿದೆ. ಪುಡಿಯ ಚೀಲವನ್ನು ಕಾದ ತಗಡಿನ ಕೆಳಗೆ ಇಟ್ಟರೆ, ಖನಿಜದ ಪುಡಿ ಜೊತೆ ಬೆರೆಸಿ ತಿಂಗಳುಗಟ್ಟಲೆ ಬಿಟ್ಟರೆ ವಿಟಮಿನ್ ಹಾಳಾಗುತ್ತದೆ. ‘ಮುಗ್ಗಿದೆ’ ಅನ್ನೋಣ ಅಂದರೆ ವಾಸನೆ ಬಂದಿರುವುದಿಲ್ಲ. ‘ಹಳಸಿದೆ’ ಅನ್ನಕ್ಕೆ ಸರಿ. ಪುಡಿ ನೋಡಲು ಚೆನ್ನಾಗೇ ಇರುತ್ತದೆ, ಒಳಗಿನ ಕಸುವು ಹೋಗಿರುತ್ತದೆ. ‘ಪವರ್ ಹೋಗಿದೆ’ ಅಂದರೆ ಎಲ್ಲರಿಗೂ ತಿಳಿಯುತ್ತೆ, ನನಗೆ ‘ಕಸುವು’ ಇಷ್ಟ. ಮೈಸೂರು, ಪಾಂಡವಪುರದ ಕಡೆಯವರು ಹೇಳಿ, ಈಗಿನ ಹುಡುಗರ ಬಾಯಲ್ಲೂ ‘ಕಸುವು’ ಇದೆಯಾ?