‘ಮರುಬಳಕೆ’: ರೀಯೂಸ್‌ಗೂ ರೀಸೈಕಲ್‌ಗೂ ಒಂದೇ ಪದ ಸಾಕೇ?

ಗೆಳೆಯರೇ,

ಪೀಠೋಪಕರಣಗಳ ಬಗ್ಗೆ ಕನ್ನಡದಲ್ಲಿ ಬರೆಯುವಾಗ ‘ಮರುಬಳಕೆ’ ಪದ ನನಗೆ ತೊಡಕಾಗುತ್ತಿದೆ. ರೀಯೂಸ್‌ಗೂ ಅದೇ, ರೀಸೈಕಲ್‌ಗೂ ಅದೇ. ಆದರೆ ಮೇಜು, ಕುರ್ಚಿ ಅಂತ ಬಂದಾಗ ಇವು ಪೂರ್ತಿ ಬೇರೆ ಕೆಲಸಗಳು.

ಹಳೆ ತೊಟ್ಟಿಮನೆ ಕೆಡವಿದರೆ ತೊಲೆ, ಜಂತೆ, ಕಂಬ, ಬಾಗಿಲುವಾಡ ಸಿಗುತ್ತವೆ. ಬಡಗಿ ಮೊಳೆ ಕಿತ್ತು, ಹುಳ ತಿಂದದ್ದನ್ನು ಕತ್ತರಿಸಿ ತೆಗೆದು, ಹತ್ತರಿ ಹೊಡೆದು ಮೇಜು ಮಾಡುತ್ತಾರೆ. ಮರ ಮರವಾಗಿಯೇ ಉಳಿಯುತ್ತದೆ. ವರ್ಷಗಟ್ಟಲೆ ಒಣಗಿದ ಮರವಾದ್ದರಿಂದ ಸೊಟ್ಟಗಾಗುವ ಭಯವೂ ಕಡಿಮೆ. ಇದನ್ನು ಸುಮ್ನೆ ‘ಹಳೇ ಮನೆ ಮರ’ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಇನ್ನೊಂದು ಕಡೆ, ಅಮೆರಿಕದ ಎಮೆಕೊ ಕಂಪನಿ 2010ರಲ್ಲಿ ತಂದ ‘111 ನೇವಿ’ ಕುರ್ಚಿ ನೋಡಿ. 1944ರಲ್ಲಿ ಅಲ್ಲಿನ ನೌಕಾಪಡೆಗೆಂದು ಮಾಡಿದ ಅಲ್ಯೂಮಿನಿಯಂ ಕುರ್ಚಿಯ ಆಕಾರವೇ ಇದಕ್ಕೂ ಇದೆ. ಆದರೆ ಒಂದೊಂದು ಕುರ್ಚಿಗೂ ಕನಿಷ್ಠ 111 ಪೆಟ್ ಬಾಟಲಿಗಳ (ನೀರು, ತಂಪು ಪಾನೀಯ ತುಂಬುವಂಥವು) ಪ್ಲಾಸ್ಟಿಕ್ ಹೋಗುತ್ತದೆ. ಬಾಟಲಿ ಚೂರಾಗಿ, ಕರಗಿ, ಗಾಜಿನ ನಾರಿನ ಜೊತೆ ಬೆರೆತು ಅಚ್ಚಿಗೆ ಇಳಿಯುತ್ತದೆ. ಬಾಟಲಿಯ ಗುರುತೇ ಉಳಿಯುವುದಿಲ್ಲ. ಇದಕ್ಕೆ ಕಾರ್ಖಾನೆ ಬೇಕು, ಕರಗಿಸಲು ಶಾಖ ಬೇಕು. ಎರಡಕ್ಕೂ ‘ಮರುಬಳಕೆಯ ಪೀಠೋಪಕರಣ’ ಅಂತ ಚೀಟಿ ಅಂಟಿಸಿದರೆ ಕೊಳ್ಳುವವರಿಗೆ ಏನು ತಿಳಿಯುತ್ತದೆ?

ಹಡಗಿನ ಸರಕಿನ ಜೊತೆ ಬರುವ ಪ್ಯಾಲೆಟ್ (ಸರಕಿನ ಅಡಿಗೆ ಇಡುವ ಹಲಗೆಯ ಚೌಕಟ್ಟು) ಮರದಲ್ಲಂತೂ ಹಿಂದಿನ ಕಥೆ ಗೊತ್ತಿರಲೇಬೇಕು. ‘ಎಚ್‌ಟಿ’ ಮುದ್ರೆ ಇದ್ದರೆ ಬಿಸಿ ಮಾಡಿ ಹುಳ ಕೊಂದ ಮರ. ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಶಾಖ, 30 ನಿಮಿಷ. ‘ಎಂಬಿ’ ಇದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷದ ಗಾಳಿ ಕೊಟ್ಟ ಮರ. ಮಕ್ಕಳ ಮಂಚಕ್ಕೆ ಎರಡನೆಯದು ಬೇಡವೇ ಬೇಡ.

ನನ್ನ ಸಲಹೆ ಇದು. ವಸ್ತು ಹಾಗೇ ಉಳಿದು ಬೇರೆ ಕೆಲಸಕ್ಕೆ ಬಂದರೆ ‘ಮರುಬಳಕೆ’. ಪ್ಲಾಸ್ಟಿಕ್, ಲೋಹ ಕರಗಿಸಿ ಹೊಸದಾಗಿ ಮಾಡಿದರೆ ‘ಮರುಎರಕ’. ಎರಕ ಹೊಯ್ಯುವುದು ನಮ್ಮಲ್ಲಿ ಹಳೆಯ ಮಾತೇ ಅಲ್ವಾ? ರೀಸೈಕಲ್‌ಗೆ ಇರುವ ‘ಪುನಶ್ಚಕ್ರೀಕರಣ’ ಎಂಬ ಪದ ಪಠ್ಯಪುಸ್ತಕಕ್ಕೆ ಸರಿ, ಅಂಗಡಿಯ ಚೀಟಿಗೆ ಭಾರ. ಆದರೆ ಕಾಗದ ನೆನೆಸಿ ಮಾಡಿದ ರಟ್ಟಿಗೆ, ಮರದ ಚೂರು ಒತ್ತಿ ಮಾಡಿದ ಹಲಗೆಗೆ ‘ಮರುಎರಕ’ ಒಗ್ಗುವುದಿಲ್ಲ. ಎಲ್ಲಕ್ಕೂ ಹೊಂದುವ ಪದ ಇದೆಯೇ? ಗುಜರಿ ವ್ಯಾಪಾರದವರು, ಕಾಗದದ ಗಿರಣಿಯವರು ಏನನ್ನುತ್ತಾರೆ? ಕರಾವಳಿ, ಮಲೆನಾಡು, ಉತ್ತರ ಕರ್ನಾಟಕದ ಕಡೆ ಹಳೇ ಮನೆಯ ಮರಕ್ಕೆ ಬೇರೆ ಹೆಸರಿದ್ದರೆ ಅದನ್ನೂ ದಯವಿಟ್ಟು ತಿಳಿಸಿ.